ಸೀಸ ಕಮ್ಮಿ, ಟೈಮ್ ಜಾಸ್ತಿ: ನೀರೊಳಗೆ ನಿಲ್ಲೋದರ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಲ ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ (ಬೆನ್ನಿಗೆ ಗಾಳಿ ಟ್ಯಾಂಕ್ ಕಟ್ಕೊಂಡು ನೀರೊಳಗೆ ಹೋಗೋದು) ಬಗ್ಗೆ ಬರೆದಿದ್ದೆ, ಅದಾದ ಮೇಲೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು, ಬಾಯನ್ಸಿ. ಅಂದ್ರೆ ನೀರೊಳಗೆ ಮೇಲೂ ಏಳದೆ ತಳಕ್ಕೂ ಕೂರದೆ ಇದ್ದಲ್ಲೇ ಇರೋದು. ಹಂಗಾಗಿ ಈ ಸಲ ಪೂರ್ತಿ ಅದಕ್ಕೇ ಬಿಟ್ಟಿದ್ದೀನಿ. ಮಳೆಗಾಲ ಅಲ್ವಾ, ಸಮುದ್ರ ಬಂದ್, ನಾನೂ ಶಿವಮೊಗ್ಗದಲ್ಲೇ ಪೂಲ್‌ನಲ್ಲಿ ಕಲಿಸ್ತಾ ಇರೋದ್ರಿಂದ ಕೂತು ಬರೆಯೋಕೆ ಟೈಮ್ ಸಿಕ್ತು.

ಪ್ರಶ್ನೆ: ನಾನು ಈ ವರ್ಷ ಡೈವ್‌ಮಾಸ್ಟರ್ ಕೋರ್ಸ್ ಮುಗಿಸಿ ಒಬ್ಬ ಇನ್‌ಸ್ಟ್ರಕ್ಟರ್ ಹತ್ರ ಹೆಲ್ಪರ್ ಆಗಿದ್ದೀನಿ. ಹೊಸಬರು ಒಂದೋ ತಳದಲ್ಲಿ ಕೂತಿರ್ತಾರೆ, ಇಲ್ಲಾಂದ್ರೆ ಬಲೂನ್ ತರ ಮೇಲೆ ಹೋಗ್ತಾರೆ. ಜಾಕೆಟ್‌ಗೆ ಗಾಳಿ ತುಂಬೋ ಇನ್ಫ್ಲೇಟರ್ ಬಟನ್ ಹೆಂಗೆ ಒತ್ತಬೇಕು ಅಂತ ನೂರು ಸಲ ಹೇಳಿದ್ರೂ ಬರಲ್ಲ. ಹೆಂಗೆ ಕಲಿಸೋದು? (ಶಿವಮೊಗ್ಗ)

ಉತ್ತರ: ತಮ್ಮಾ, ಮೊದಲು ಆ ಬಟನ್ ಪಾಠ ಬಿಟ್ಟು ಅವರ ಸೊಂಟ ನೋಡಿ. ಮುಳುಗೋಕೆ ಅಂತ ಕಟ್ಟಿರೋ ಬೆಲ್ಟ್‌ನಲ್ಲಿ ಎಷ್ಟು ಕೆಜಿ ಸೀಸ ಇದೆ? ನಾನು ನೋಡಿರೋ ಹೊಸಬರಲ್ಲಿ ಮುಕ್ಕಾಲು ಪಾಲು ಜನರಿಗೆ ಬೇಕಾದ್ದಕ್ಕಿಂತ ಮೂರು ನಾಲ್ಕು ಕೆಜಿ ಜಾಸ್ತಿ ಹಾಕಿರ್ತಾರೆ. ಯಾಕೆ ಅಂದ್ರೆ ತಳದಲ್ಲಿ ಮಂಡಿಯೂರಿ ಕೂತ ಸ್ಟೂಡೆಂಟ್ ಮೇಷ್ಟ್ರಿಗೆ ಆರಾಮ, ಆರು ಜನರನ್ನ ಸಾಲಾಗಿ ಕೂರಿಸಿ ಮಾಸ್ಕ್ ಒಳಗೆ ಹೋದ ನೀರು ಕ್ಲಿಯರ್ ಮಾಡಿಸಿ, ಬಾಯಲ್ಲಿ ಕಚ್ಚಿ ಉಸಿರಾಡೋ ರೆಗ್ಯುಲೇಟರ್ ತೆಗೆದು ಹಾಕಿಸಿ, ಮುಂದಕ್ಕೆ ಹೋಗಬಹುದು. ನನಗೂ ಹಂಗೇ ಕಲಿಸಿದ್ದು. ಬೇರೆ ರಾಜ್ಯದ ಒಂದು ಸೆಂಟರ್‌ನಲ್ಲಿ 12 ಕೆಜಿ ಕಟ್ಟಿ ಕೂರಿಸಿದ್ರು, ಕೋರ್ಸ್ ಮುಗಿಯೋವರೆಗೂ ಮಂಡಿ ಮೇಲೇ ಇದ್ದೆ, ಕೋರ್ಸ್ ಪಾಸಾದ ಕಾರ್ಡ್ ಕೈಗೆ ಬಂದ ಮೇಲೂ ಒಂದು ನಿಮಿಷ ಇದ್ದಲ್ಲಿ ಇರೋಕೆ ಬರ್ತಿರಲಿಲ್ಲ. ಈಗ ಅದೇ ದಪ್ಪದ ವೆಟ್‌ಸೂಟ್ (ಡೈವಿಂಗ್‌ಗೆ ಹಾಕೋ ರಬ್ಬರ್ ಡ್ರೆಸ್), ಅದೇ ಸಮುದ್ರ, 4 ಕೆಜಿ ಸಾಕಾಗತ್ತೆ. ಆವತ್ತು ಕಳ್ಕೊಂಡ ದಿನಗಳ ಬಗ್ಗೆ ಈಗಲೂ ಬೇಜಾರಿದೆ ನನಗೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಜಾಸ್ತಿ ಸೀಸ ಇದ್ರೆ ಏನಾಗತ್ತೆ ಅಂತ ಲೆಕ್ಕ ಹಾಕಿ ತೋರಿಸಿ ಅವರಿಗೆ, ಅರ್ಥ ಆಗತ್ತೆ. 4 ಕೆಜಿ ಹೆಚ್ಚುವರಿ ಸೀಸ ಹೊತ್ತೋರು ಅದನ್ನ ಸರಿದೂಗಿಸೋಕೆ ಬಿಸಿಡಿ ಅನ್ನೋ ಗಾಳಿ ತುಂಬೋ ಜಾಕೆಟ್ ಒಳಗೆ ಹೆಚ್ಚು ಕಡಿಮೆ 4 ಲೀಟರ್ ಗಾಳಿ ತುಂಬಲೇಬೇಕು. 10 ಮೀಟರ್ ಆಳದಲ್ಲಿ ಒತ್ತಡ 2 ಅಟ್ಮಾಸ್ಫಿಯರ್, ಅಲ್ಲಿಂದ 5 ಮೀಟರ್‌ಗೆ ಬಂದ್ರೆ ಒಂದೂವರೆ. ಆ 4 ಲೀಟರ್ ಹಿಗ್ಗಿ 5.3 ಲೀಟರ್ ಆಗತ್ತೆ, ಅಂದ್ರೆ ಯಾರೂ ಯಾವ ಬಟನ್ನೂ ಒತ್ತದೇನೇ 1.3 ಕೆಜಿ ಮೇಲಕ್ಕೆ ಎಳೀತಾ ಇರತ್ತೆ. ಅದೇ ಜಾಕೆಟ್‌ನಲ್ಲಿ 1 ಲೀಟರ್ ಅಷ್ಟೇ ಇದ್ದಿದ್ರೆ? ಮುನ್ನೂರು ಚಿಲ್ಲರೆ ಗ್ರಾಂ. ಅಷ್ಟನ್ನ ಉಸಿರಲ್ಲೇ ಸರಿ ಮಾಡ್ಕೋಬಹುದು. ನಿಮ್ಮ ಸ್ಟೂಡೆಂಟ್ ಬಲೂನ್ ತರ ಹೋಗೋದು ಬಟನ್ ತಪ್ಪಿಂದ ಅಂತ ನೀವು ಅಂದ್ಕೊಂಡಿದ್ದೀರಿ, ಮೂಲ ಇರೋದು ಬೆಲ್ಟ್‌ನಲ್ಲಿ.

ಎಷ್ಟು ಸೀಸ ಬೇಕು ಅಂತ ನೋಡೋ ವೆಯ್ಟ್ ಚೆಕ್ ಪ್ರತಿಯೊಬ್ಬರಿಗೂ ಮಾಡಿಸಿ, ಅವಸರ ಮಾಡದೆ ಮಾಡಿಸಿ. ನೀರಿಗಿಳಿದು ಒಂದೆರಡು ನಿಮಿಷ ಬಿಡಿ, ಸೂಟ್ ನೆನೆದು ಒಳಗಿನ ಗುಳ್ಳೆ ಎಲ್ಲ ಹೋಗ್ಲಿ. ಆಮೇಲೆ ನೆಟ್ಟಗೆ ನಿಂತ್ಕೊಂಡು, ರೆಗ್ಯುಲೇಟರ್ ಬಾಯಲ್ಲಿ, ಜಾಕೆಟ್ ಪೂರ್ತಿ ಖಾಲಿ, ಮಾಮೂಲಿ ಉಸಿರು ಎಳ್ಕೊಂಡಾಗ ನೀರಿನ ಮಟ್ಟ ಕಣ್ಣಿನ ಹತ್ರ ಬರಬೇಕು, ಉಸಿರು ಬಿಟ್ರೆ ನಿಧಾನ ಮುಳುಗಬೇಕು. ಇಲ್ಲಿ ಒಂದು ಮೋಸ ಆಗತ್ತೆ, ಹೊಸಬರು ತಮಗೇ ಗೊತ್ತಿಲ್ಲದೆ ಕೆಳಗೆ ಕಾಲು ಆಡಿಸ್ತಾ ಇರ್ತಾರೆ, ನೀವು ಮೇಲಿಂದ ನೋಡಿ 'ಇನ್ನೂ ತೇಲ್ತಿದ್ದಾರೆ, ಇನ್ನೆರಡು ಕೆಜಿ ಹಾಕು' ಅಂತೀರಿ. ಪಾದ ಎರಡೂ ಕತ್ತರಿ ಹಾಕಿಸಿ. ಅಷ್ಟೇ, ಅರ್ಧ ಜನರ ಸೀಸ ಅಲ್ಲೇ ಕಮ್ಮಿ ಆಗತ್ತೆ. ಟ್ಯಾಂಕ್ ತುಂಬಿದ್ರೆ ಕೊನೆಗೆ ಒಂದೆರಡು ಕೆಜಿ ಸೇರಿಸಿ, ಯಾಕೆ ಅಂತ ಕೆಳಗೆ ಭದ್ರಾವತಿಯವರ ಪ್ರಶ್ನೇಲಿ ಬರತ್ತೆ.

ಇನ್ನು ಉಸಿರು. ಮಾಮೂಲಿಯಾಗಿ ಒಂದು ಸಲ ಎಳ್ಕೊಳೋದು ಅರ್ಧ ಲೀಟರ್, ಅಂದ್ರೆ ಅರ್ಧ ಕೆಜಿ ತೇಲೋ ಶಕ್ತಿ. ಸ್ವಲ್ಪ ಆಳವಾಗಿ ಎಳೆದು ಪೂರ್ತಿ ಬಿಟ್ರೆ ಎರಡು ಲೀಟರ್ ಮೇಲೇನೇ ಆಟ ಸಿಗತ್ತೆ. ಆದ್ರೆ ಉಸಿರು ಎಳೆದ ಕೂಡ್ಲೇ ಮೈ ಏಳಲ್ಲ, ಎರಡು ಮೂರು ಸೆಕೆಂಡ್ ಬೇಕು. ಈ ಎರಡು ಸೆಕೆಂಡೇ ಎಲ್ಲ ತೊಂದರೆಗೂ ಕಾರಣ. ಉಸಿರು ಎಳೀತಾರೆ, ಏನೂ ಆಗಲಿಲ್ಲ ಅಂತ ಬಟನ್ ಒತ್ತುತಾರೆ, ಅಷ್ಟೊತ್ತಿಗೆ ಉಸಿರಿಂದ ಏಳೋಕೆ ಶುರು ಆಗಿರತ್ತೆ, ಅದರ ಮೇಲೆ ಬಟನ್ ಗಾಳಿ, ಗಾಬರಿ ಆಗಿ ಇನ್ನೂ ಜೋರಾಗಿ ಉಸಿರು ಎಳ್ಕೊತಾರೆ, ಮುಗೀತು. ಸಿಗಂದೂರಿಗೆ ಹಿನ್ನೀರು ದಾಟೋಕೆ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿದವರು ನೋಡಿರ್ತೀರಿ, ದಡ ಇನ್ನೂ ದೂರ ಇರೋವಾಗ್ಲೇ ಇಂಜಿನ್ ಇಳಿಸಿಬಿಡ್ತಿದ್ರು, ಲಾಂಚ್ ತನ್ನಷ್ಟಕ್ಕೆ ಬಂದು ತಾಗ್ತಿತ್ತು. ನಮ್ಮ ಕಡೆ ಹುಡುಗರಿಗೆ ನಾನು ಇದನ್ನೇ ಹೇಳೋದು. ಏಳೋಕೆ ಶುರು ಆಗೋ ಮೊದಲೇ ಉಸಿರು ಬಿಡೋಕೆ ಶುರು ಮಾಡು.

ಪೂಲ್‌ನಲ್ಲಿ ಆಳದ ಕಡೆ ಕರ್ಕೊಂಡು ಹೋಗಿ ತಳದಲ್ಲಿ ಬೋರಲು ಮಲಗಿಸಿ. ಚೂರು ಚೂರೇ ಗಾಳಿ ಹಾಕಲಿ, ಒಂದು ಚಿಟಿಕೆ ಹೊತ್ತು ಒತ್ತಿ ಬಿಟ್ಟು, ಎರಡು ಉಸಿರು ಕಾದು, ಆಮೇಲೆ ಇನ್ನೊಂದು. ಉಸಿರು ಎಳೆದಾಗ ಎದೆ ಎದ್ದು ಬಿಟ್ಟಾಗ ಇಳಿಯೋ ಹಂತ ಬಂದ್ರೆ ಜಾಕೆಟ್ ಕೆಲಸ ಅಲ್ಲಿಗೆ ಮುಗೀತು, ಇನ್ಫ್ಲೇಟರ್ ಕೈಯಿಂದ ಬಿಡಿಸಿಬಿಡಿ. ಆಮೇಲೆ ಒಂದು ಅರ್ಧ ಕೆಜಿ ಸೀಸ ಅವರ ಕೈಗೆ ಕೊಡಿ, ಉಸಿರಲ್ಲೇ ಸರಿ ಮಾಡ್ಕೊಳ್ಳಲಿ, ವಾಪಸ್ ತಗೊಳಿ, ಮತ್ತೆ ಸರಿ ಮಾಡ್ಕೊಳ್ಳಲಿ. ಇದಕ್ಕೆ ನಗ್ತಾರೆ, ಮಾಸ್ಕ್ ಒಳಗೆ ನೀರು ಹೋಗತ್ತೆ, ಹೋಗ್ಲಿ ಬಿಡಿ, ಅದೂ ಪ್ರಾಕ್ಟೀಸೇ.

ಒಂದು ಮಾತ್ರ ಯಾವತ್ತೂ ಮರೀಬೇಡಿ. ಉಸಿರಲ್ಲಿ ಬಾಯನ್ಸಿ ಕಂಟ್ರೋಲ್ ಅಂದ ಕೂಡ್ಲೇ ಕೆಲವರು ಉಸಿರು ಹಿಡ್ಕೊಂಡು ನಿಲ್ತಾರೆ. ಅದು ಜೀವಕ್ಕೇ ಅಪಾಯ. ಟ್ಯಾಂಕ್ ಗಾಳಿ ಎಳ್ಕೊಂಡು ಹಿಡಿದು ಎರಡು ಮೀಟರ್ ಮೇಲೆ ಹೋದ್ರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು, ಪೂಲ್‌ನಲ್ಲೂ ಆಗಬಹುದು. ಗಂಟಲು ಯಾವಾಗ್ಲೂ ತೆರೆದಿರಬೇಕು, ಉಸಿರು ನಿಧಾನ ಮಾಡೋದು ಬೇರೆ, ಕಟ್ಟೋದು ಬೇರೆ. ನೀವು ಅವರ ಗುಳ್ಳೆ ನೋಡ್ತಾ ಇರಿ. ಗುಳ್ಳೆ ನಿಂತ್ರೆ ಆ ಕ್ಷಣವೇ ಕೈ ತಟ್ಟಿ ಎಚ್ಚರಿಸಿ.

ಇನ್ನೊಂದು ಪರೀಕ್ಷೆ ಹೇಳ್ತೀನಿ. ಚೆನ್ನಾಗಿ ಈಜ್ತಾ ಹೋಗ್ತಿರೋ ಸ್ಟೂಡೆಂಟ್‌ಗೆ ನಿಲ್ಲು ಅಂತ ಸನ್ನೆ ಮಾಡಿ. ಕಾಲು ನಿಲ್ಲಿಸಿದ ತಕ್ಷಣ ಮುಳುಗಿದ್ರೆ ಅಷ್ಟು ಹೊತ್ತು ಅವರನ್ನ ಎತ್ತಿ ಹಿಡಿದಿದ್ದು ಕಾಲು. ಸೊಂಟದಲ್ಲಿ ಸೀಸ ಜಾಸ್ತಿ ಇದ್ರೆ ಕಾಲು ಕೆಳಗೆ ಜೋತಾಡತ್ತೆ, ಪಾದಕ್ಕೆ ಹಾಕಿರೋ ಫಿನ್ಸ್ ಬೀಸಿದ್ರೆ ಅರ್ಧ ಬಲ ಮುಂದಕ್ಕೆ ಅರ್ಧ ಮೇಲಕ್ಕೆ, ಹಂಗಾಗಿ ಸರಿ ಇದ್ದಂಗೇ ಕಾಣತ್ತೆ. ಸೀಸದ ಒಂದು ತುಂಡು ಟ್ಯಾಂಕ್‌ನ ಮೇಲಿನ ಪಟ್ಟಿಗೆ ಸರಿಸಿ ನೋಡಿ, ಮೈ ಅಡ್ಡಕ್ಕೆ ಬರತ್ತೆ.

ಪ್ರಶ್ನೆ: ಚಿಕ್ಕಂದಿನಿಂದ ಹೊಳೇಲಿ ಈಜಿದವಳು ನಾನು, ಶರಾವತಿ ಹಿನ್ನೀರಲ್ಲಿ ಆ ದಡದಿಂದ ಈ ದಡಕ್ಕೆ ಬರ್ತಿದ್ವಿ. ಆದ್ರೆ ನೇತ್ರಾಣೀಲಿ ಮುಳುಗೋಕೇ ಆಗಲಿಲ್ಲ, ಇನ್ನೂ 2 ಕೆಜಿ ಹಾಕಬೇಕಾಯ್ತು. ಈಜು ಬರದ ನನ್ನ ನಾದಿನಿ ಆರಾಮಾಗಿ ಇಳಿದ್ಲು. ಯಾಕೆ ಹಿಂಗೆ? (ಸಾಗರ)

ಉತ್ತರ: ಮೇಡಂ, ನಿಮ್ಮೂರಲ್ಲಿ ಹಾಲಿನ ಸೊಸೈಟಿ ಇದ್ರೆ ಲ್ಯಾಕ್ಟೋಮೀಟರ್ ನೋಡಿರ್ತೀರಿ. ಗಟ್ಟಿ ಹಾಲಲ್ಲಿ ಮೇಲೆ ನಿಲ್ಲತ್ತೆ, ನೀರು ಬೆರೆಸಿದ್ರೆ ಕೆಳಗೆ ಇಳಿಯತ್ತೆ. ಹೊಳೆ ನೀರಿನ ಸಾಂದ್ರತೆ 1 ಅಂದ್ರೆ ಸಮುದ್ರದ ನೀರಿಂದು ಸುಮಾರು 1.025, ಹಾಲಿಗೆ ಹತ್ರ ಹತ್ರ ಅಷ್ಟೇ. ನೀವು ಹೊಳೆಯಿಂದ ಹಾಲಿಗೆ ಬಂದಂಗೆ ಆಯ್ತು. ನೀವು, ಟ್ಯಾಂಕ್, ಸೂಟ್ ಎಲ್ಲ ಸೇರಿ 100 ಕೆಜಿ ಇದ್ರೆ ಸಮುದ್ರದಲ್ಲಿ ಎರಡೂವರೆ ಕೆಜಿ ಜಾಸ್ತಿ ಸೀಸ ಬೇಕೇ ಬೇಕು. ಹಂಗಾಗಿ ಆ 2 ಕೆಜಿ ಕೊಟ್ಟಿದ್ದು ತಪ್ಪಲ್ಲ.

ಆದ್ರೆ ನಾದಿನಿ ಇಳಿದು ನೀವು ಇಳೀಲಿಲ್ಲ ಅನ್ನೋದಕ್ಕೆ ಬೇರೆ ಕಾರಣನೂ ಇರತ್ತೆ, ಇದನ್ನ ನಮ್ಮ ಮಲೆನಾಡಿನ ಈಜುಗಾರರಲ್ಲಿ ಮತ್ತೆ ಮತ್ತೆ ನೋಡ್ತೀನಿ. ಬೆನ್ನಿಗೆ ಸೋರೆ ಬುರುಡೆ ಕಟ್ಕೊಂಡು ಬಾವೀಲಿ, ಹೊಳೇಲಿ ಈಜು ಕಲಿತ ನಮಗೆ ನೀರು ಅಂದ್ರೆ ತೇಲಬೇಕು, ತಲೆ ಮೇಲಿರಬೇಕು, ಎದೆ ತುಂಬ ಉಸಿರಿರಬೇಕು. ಬುರುಡೆ ಬಿಚ್ಚಿ ಮೂವತ್ತು ವರ್ಷ ಆಗಿದ್ರೂ ಎದೆಯೊಳಗೆ ಇನ್ನೊಂದು ಬುರುಡೆ ಇಟ್ಕೊಂಡೇ ಇರ್ತೀವಿ. ಜೊತೆಗೆ ಕೈ ಬಡಿಯೋದು. ಡೈವಿಂಗ್‌ನಲ್ಲಿ ಕೈಗೆ ಕೆಲಸಾನೇ ಇಲ್ಲ ಅಂದ್ರೆ ಒಳ್ಳೆ ಈಜುಗಾರರಿಗೆ ಒಂಥರಾ ಅವಮಾನ ಆದಂಗೆ ಆಗತ್ತೆ, ನನಗೂ ಆಗಿತ್ತು. ಮುಂದಿನ ಸಲ ಎರಡೂ ಕೈ ಹೊಟ್ಟೆ ಮುಂದೆ ಕಟ್ಕೊಳಿ. ಇಳಿಯೋವಾಗ ಉಸಿರನ್ನ ಮೇಣದಬತ್ತಿ ಊದಿದ ಹಾಗೆ ಉದ್ದಕ್ಕೆ ಬಿಡಿ, ಬಿಟ್ಟಾದ ಮೇಲೂ ಇನ್ನೂ ಸ್ವಲ್ಪ ಉಳಿದಿರತ್ತೆ, ಅದನ್ನೂ ಬಿಡಿ. ಮೊದಲ ಒಂದು ಮೀಟರೇ ಕಷ್ಟ, ಆಮೇಲೆ ಸೂಟ್ ಒತ್ತಡಕ್ಕೆ ಕುಗ್ಗಿ ತಾನೇ ಕೆಳಗೆ ಬಿಡತ್ತೆ. ಕಿವಿಯೊಳಗಿನ ಒತ್ತಡ ಮಾತ್ರ ನೋವು ಬರೋ ಮೊದಲೇ ಬಿಡಿಸ್ಕೊಳ್ತಾ ಹೋಗಿ.

ಪ್ರಶ್ನೆ: ಎರಡು ವರ್ಷದಿಂದ ಡೈವ್ ಮಾಡ್ತಿದ್ದೀನಿ. ಡೈವ್ ಪೂರ್ತಿ ಚೆನ್ನಾಗೇ ಇರ್ತೀನಿ, ಕೊನೆಗೆ 5 ಮೀಟರ್‌ನಲ್ಲಿ ಮೂರು ನಿಮಿಷ ಸೇಫ್ಟಿ ಸ್ಟಾಪ್ ಮಾಡೋವಾಗ ಮಾತ್ರ ನಿಲ್ಲೋಕೆ ಆಗಲ್ಲ, ಮೇಲೆ ಹೋಗಿಬಿಡ್ತೀನಿ. ಜಾಕೆಟ್ ಖಾಲಿ ಇದ್ರೂ. (ಭದ್ರಾವತಿ)

ಉತ್ತರ: ಸರ್, ಗಾಳಿಗೂ ತೂಕ ಇದೆ, ಅದನ್ನ ನೀವು ಡೈವ್ ಉದ್ದಕ್ಕೂ ಉಸಿರಾಡಿ ಖಾಲಿ ಮಾಡಿದ್ದೀರಿ. ನಮ್ಮಲ್ಲಿ ಮಾಮೂಲಿ ಬಳಸೋ ಅಲ್ಯೂಮಿನಿಯಂ ಟ್ಯಾಂಕ್ ಸುಮಾರು 11 ಲೀಟರಿಂದು, 200 ಬಾರ್ ಒತ್ತಡಕ್ಕೆ ತುಂಬಿದ್ರೆ 2200 ಲೀಟರ್ ಗಾಳಿ. ಲೀಟರಿಗೆ 1.2 ಗ್ರಾಂ ಅಂದ್ರೂ ಎರಡೂವರೆ ಕೆಜಿ ದಾಟತ್ತೆ. 50 ಬಾರ್‌ಗೆ ಬರೋ ಹೊತ್ತಿಗೆ 2 ಕೆಜಿ ಹೋಗಿರತ್ತೆ, ಶುರುವಿನಲ್ಲಿ ಮುಳುಗ್ತಿದ್ದ ಟ್ಯಾಂಕ್ ಕೊನೆಗೆ ತೇಲೋಕೆ ಶುರು ಮಾಡತ್ತೆ. ಅದರ ಮೇಲೆ, ಆಳದಲ್ಲಿ ಕುಗ್ಗಿದ್ದ ಸೂಟ್ 5 ಮೀಟರ್‌ನಲ್ಲಿ ಮತ್ತೆ ಉಬ್ಬಿರತ್ತೆ. ನೀವು ಬಹುಶಃ ತುಂಬಿದ ಟ್ಯಾಂಕ್‌ನಲ್ಲಿ ವೆಯ್ಟ್ ಚೆಕ್ ಮಾಡಿ ಅಷ್ಟಕ್ಕೇ ಬಿಟ್ಟಿದ್ದೀರಿ. ಮುಂದಿನ ಸಲ ಡೈವ್ ಮುಗಿದು 50 ಬಾರ್ ಇರೋವಾಗ ಬೋಟ್ ಹತ್ರ ಚೆಕ್ ಮಾಡಿ, ಬೇಕಾದಷ್ಟು ಮಾತ್ರ, ಒಂದೊಂದೇ ಕೆಜಿ ಸೇರಿಸಿ, ಬರೆದಿಟ್ಕೊಳಿ. ಯಾವ ಸೂಟ್, ಯಾವ ಟ್ಯಾಂಕ್, ಸಮುದ್ರವೋ ಪೂಲೋ ಅನ್ನೋದನ್ನೂ ಬರೀರಿ. ಇನ್ನೊಂದು, ಜಾಕೆಟ್ ಖಾಲಿ ಅಂತ ಅನ್ಸಿದ್ರೂ ಬೆನ್ನ ಕಡೆ ಗಾಳಿ ಸಿಕ್ಕಿ ಹಾಕ್ಕೊಂಡಿರತ್ತೆ, ಎಡ ಹೆಗಲು ಎತ್ತಿ ಗಾಳಿ ಬಿಟ್ಟು ನೋಡಿ, ಇಲ್ಲಾಂದ್ರೆ ಸೊಂಟದ ಹತ್ರ ಇರೋ, ಗಾಳಿ ಹೊರಗೆ ಬಿಡೋ ಡಂಪ್ ವಾಲ್ವ್ ಎಳೀರಿ.

ಪ್ರಶ್ನೆ: ಈಜು ಬರಲ್ಲ. ಡೈವ್ ಮಾಡಬಹುದಾ? (ಶಿಕಾರಿಪುರ)

ಉತ್ತರ: ಮುರುಡೇಶ್ವರದಿಂದ ನೇತ್ರಾಣಿಗೆ ಕರ್ಕೊಂಡು ಹೋಗಿ ಇನ್‌ಸ್ಟ್ರಕ್ಟರ್ ಹಿಡ್ಕೊಂಡೇ ಮಾಡಿಸೋ ಒಂದು ಡೈವ್‌ಗೆ ಈಜು ಬೇಕಿಲ್ಲ, ನಿಮ್ಮ ಬಾಯನ್ಸಿ ಪೂರ್ತಿ ಅವರೇ ನೋಡ್ಕೊತಾರೆ. ನೀವು ಬಿಡದೆ ಉಸಿರಾಡ್ತಾ ಇದ್ರೆ ಸಾಕು. ಕಾರ್ಡ್ ಸಿಗೋ ಓಪನ್ ವಾಟರ್ ಕೋರ್ಸ್ ಮಾಡಬೇಕು ಅಂದ್ರೆ ಮಾತ್ರ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು.

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್, ಕಾರ್ಡ್ ಇದೆ. ಅಷ್ಟು ದೂರ ಯಾಕೆ, ಲಿಂಗನಮಕ್ಕಿ ಹಿನ್ನೀರಲ್ಲೇ ಬಾಯನ್ಸಿ ಪ್ರಾಕ್ಟೀಸ್ ಮಾಡಿದ್ರೆ ಹೆಂಗೆ? (ಹೊಸನಗರ)

ಉತ್ತರ: ಬೇಡ ಮಾರಾಯ್ರೆ, ದಯವಿಟ್ಟು ಬೇಡ. ಅದು ಕರೆಂಟ್ ತೆಗೆಯೋ ಅಣೆಕಟ್ಟಿನ ನೀರು, ಪರ್ಮಿಶನ್ ಇಲ್ಲದೆ ಇಳಿಯೋ ಜಾಗ ಅಲ್ಲ. 1964ರಲ್ಲಿ ನೀರು ನಿಂತಾಗ ಕಾಡು, ತೋಟ, ಊರು ಎಲ್ಲ ಇದ್ದ ಹಂಗೇ ಒಳಗೆ ಹೋಗಿದ್ದು, ಬೇಸಿಗೇಲಿ ನೀರು ಇಳಿದಾಗ ಒಣಗಿ ನಿಂತ ಬೊಡ್ಡೆಗಳನ್ನೂ ಮಡೇನೂರಿನ ಹಳೇ ಅಣೆಕಟ್ಟನ್ನೂ ನೀವೇ ನೋಡಿರ್ತೀರಿ. ಕೆಸರಿನ ನೀರಲ್ಲಿ ಕೈ ಚಾಚಿದ್ರೆ ಬೆರಳು ಕಾಣಲ್ಲ, ಆ ಬೊಡ್ಡೆಗಳ ಮಧ್ಯೆ ಉಸಿರಿನ ಪೈಪ್ ಸಿಕ್ಕಿ ಹಾಕ್ಕೊಂಡ್ರೆ ಬಿಡಿಸೋರು ಯಾರು? ಬಾಯನ್ಸಿ ಕಲಿಯೋಕೆ ಮೊದಲು ಬೇಕಾಗಿರೋದೇ ಕಣ್ಣಿಗೆ ಒಂದು ಗುರುತು, ನಾನು ಏಳ್ತಿದ್ದೀನಾ ಇಳೀತಿದ್ದೀನಾ ಅಂತ ಗೊತ್ತಾಗೋಕೆ. ಅದು ಅಲ್ಲಿ ಸಿಗೋದೇ ಇಲ್ಲ. ಅದೂ ಅಲ್ದೆ ಜಲಾಶಯದ ಪೂರ್ಣ ಮಟ್ಟ 1819 ಅಡಿ, ಅಂದ್ರೆ ಸುಮಾರು 554 ಮೀಟರ್. 300 ಮೀಟರ್ ದಾಟಿದ್ರೆ ಎತ್ತರದ ಡೈವ್ ಅಂತ ಲೆಕ್ಕ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಹೇಳೋ ಸಮುದ್ರ ಮಟ್ಟದ ಟೇಬಲ್ ನೇರ ಬಳಸೋ ಹಾಗಿಲ್ಲ, ಅದಕ್ಕೆ ಬೇರೇನೇ ಟ್ರೈನಿಂಗ್ ಇದೆ.

ಎತ್ತರದ ಮಾತು ಬಂತಲ್ಲ, ಘಟ್ಟದ ಮೇಲಿನೋರೆಲ್ಲ ಕೇಳಿಸ್ಕೊಳಿ. ಡೈವ್ ಆದ ಮೇಲೆ ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗ್ಲಿ ಅಂತ, ವಿಮಾನ ಹತ್ತೋಕೆ ಒಂದೇ ಡೈವ್ ಆಗಿದ್ರೆ ಕನಿಷ್ಠ 12 ಗಂಟೆ, ಜಾಸ್ತಿ ಆಗಿದ್ರೆ 18 ಗಂಟೆ ಕಾಯಿರಿ ಅಂತಾರೆ. ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿದ್ರೆ ಜೋಗಕ್ಕೆ ಬರೋ ಹೊತ್ತಿಗೆ ನೀವೂ ಸುಮಾರು 500 ಮೀಟರ್ ಎತ್ತರಕ್ಕೆ ಬಂದಿರ್ತೀರಿ. ವಿಮಾನದಷ್ಟಲ್ಲ ನಿಜ, ಆದ್ರೂ ನಾನು ಎರಡು ಡೈವ್ ಮಾಡಿದ ದಿನ ಮುರುಡೇಶ್ವರದಲ್ಲೇ ರಾತ್ರಿ ಉಳ್ಕೊಂಡು ಬೆಳಿಗ್ಗೆ ಹೊರಡ್ತೀನಿ, ಸ್ಟೂಡೆಂಟ್‌ಗಳಿಗೂ ಅದನ್ನೇ ಮಾಡಿಸ್ತೀನಿ. ಅವತ್ತೇ ಕೆಮ್ಮಣ್ಣುಗುಂಡಿ, ಮುಳ್ಳಯ್ಯನಗಿರಿ ಪ್ಲಾನ್ ಅಂತೂ ಖಂಡಿತ ಬೇಡ.

ಪ್ರಶ್ನೆ: ನನಗೆ 52 ವರ್ಷ. ಮಗಳ ಜೊತೆ ಡೈವಿಂಗ್ ಕೋರ್ಸ್ ಸೇರಿದೆ. ಮಗಳಿಗೆ ಎರಡೇ ದಿನಕ್ಕೆ ಬಂತು, ನನಗೆ ನೀರೊಳಗೆ ನಿಲ್ಲೋದು ಇನ್ನೂ ಬರಲಿಲ್ಲ. ಇನ್‌ಸ್ಟ್ರಕ್ಟರ್ ಒಳ್ಳೆಯವರು, ಆದ್ರೆ ಉಳಿದವರಿಗೆಲ್ಲ ನನ್ನಿಂದ ಲೇಟ್ ಆಗ್ತಿದೆ ಅನ್ಸತ್ತೆ. ಬಿಟ್ಟುಬಿಡ್ಲಾ? (ತೀರ್ಥಹಳ್ಳಿ)

ಉತ್ತರ: ಅಕ್ಕಾ, ಬಿಡಬೇಡಿ. ನಿಮ್ಮ ಪತ್ರ ಎರಡು ಸಲ ಓದಿದೆ, ಹೋದ ವರ್ಷ ನನ್ನ ಹತ್ರ ಕಲಿತ ಒಬ್ರು ಟೀಚರ್ ನೆನಪಾದ್ರು, ನಿಮ್ಮ ಕಡೆಯವರೇ, ವಯಸ್ಸೂ ಹೆಚ್ಚು ಕಡಿಮೆ ಅಷ್ಟೇ. ಮೊದಲ ಎರಡು ದಿನ ಅವರಿಗೂ ಬರಲಿಲ್ಲ. ಇಳಿದ ಕೂಡ್ಲೇ ಭುಜ ಕಿವಿಗೆ ತಾಗೋ ಹಂಗೆ ಮೇಲೆ ಎಳ್ಕೊತಿದ್ರು, ಉಸಿರು ಮೇಲೆ ಮೇಲೇನೇ ಆಡ್ತಿತ್ತು, ಹಂಗಾಗಿ ನಾನೇ 7 ಕೆಜಿವರೆಗೂ ಸೀಸ ಹಾಕಿದ್ದೆ. ಅದು ನನ್ನ ತಪ್ಪು. ಅವರ ಗಾಬರಿ ಕಮ್ಮಿ ಮಾಡೋ ಬದಲು ಗಾಬರಿಗೆ ತಕ್ಕಷ್ಟು ಭಾರ ಕಟ್ಟಿದ್ದೆ.

ಮೂರನೇ ದಿನ ಬೇರೆ ಯಾರನ್ನೂ ಕರೀಲಿಲ್ಲ. ಎದೆ ಮಟ್ಟದ ನೀರಲ್ಲಿ ಪೂಲ್ ಅಂಚು ಹಿಡ್ಕೊಂಡು ಮುಖ ಅಷ್ಟೇ ಒಳಗಿಟ್ಟು ಹತ್ತು ನಿಮಿಷ ಸುಮ್ನೆ ಉಸಿರಾಡಿಸಿದೆ, ಆಮೇಲೆ ಮತ್ತೆ ವೆಯ್ಟ್ ಚೆಕ್ ಮಾಡಿದ್ರೆ 3 ಕೆಜಿ ಸಾಕಾಯ್ತು. ಆಳದ ಕಡೆ ಗೋಡೆ ಹತ್ರ ಕರ್ಕೊಂಡು ಹೋಗಿ ಟೈಲ್ಸ್ ಮಧ್ಯದ ಒಂದು ಬಿಳಿ ಗೆರೆ ತೋರಿಸಿ ಅದನ್ನೇ ನೋಡ್ತಾ ಇರಿ ಅಂದೆ. ಉಸಿರು ಎಳ್ಕೊಂಡ್ರು, ಒಂದು ಟೈಲ್ ಮೇಲೆ ಹೋದ್ರು. ಬಿಟ್ರು, ಎರಡು ಟೈಲ್ ಕೆಳಗೆ. ಇನ್ಫ್ಲೇಟರ್ ಕಡೆ ಕೈ ಹೋಯ್ತು, ನಾನು ಬೇಡ ಅಂತ ಬೆರಳು ಆಡಿಸಿದೆ, ಕಾದ್ರು. ಮತ್ತೆ ಒಂದು ಟೈಲ್ ಮೇಲೆ, ಒಂದು ಕೆಳಗೆ. ಆಮೇಲೆ ಅರ್ಧ. ಸುಮಾರು ಏಳೆಂಟು ನಿಮಿಷ ಆದ ಮೇಲೆ ಆ ಬಿಳಿ ಗೆರೆ ಅವರ ಮಾಸ್ಕ್ ಎದುರು ನಿಂತುಬಿಡ್ತು. ಮುಷ್ಟಿ ಕಟ್ಟಿದ್ದ ಬೆರಳು ಒಂದೊಂದೇ ಬಿಚ್ಕೊಂಡಿದ್ದನ್ನ ನಾನು ಪಕ್ಕದಲ್ಲೇ ಇದ್ದು ನೋಡಿದೆ. ಗುಳ್ಳೆ ಮಾತ್ರ ಹೋಗ್ತಾ ಇತ್ತು, ನಿಧಾನಕ್ಕೆ, ಒಂದೇ ಸಮ. ಇಷ್ಟು ವರ್ಷ ಕಲಿಸಿದ್ರೂ ಅದನ್ನ ನೋಡೋವಾಗ ನನಗೆ ಕಣ್ಣು ತುಂಬಿ ಬಂತು.

ನಿಮ್ಮ ಇನ್‌ಸ್ಟ್ರಕ್ಟರ್ ಒಳ್ಳೆಯವರು ಅಂತೀರಿ, ಹಂಗಾದ್ರೆ ಧೈರ್ಯವಾಗಿ ಕೇಳಿ, ನನಗೊಬ್ಬಳಿಗೇ ಒಂದು ಪೂಲ್ ಸೆಷನ್ ಬೇಕು ಅಂತ. ಎಕ್ಸ್‌ಟ್ರಾ ಫೀಸ್ ಆದ್ರೆ ಆಗ್ಲಿ. ವೆಯ್ಟ್ ಚೆಕ್ ಹೊಸದಾಗಿ ಮಾಡಿಸಿ, ಪಾದ ಕತ್ತರಿ ಹಾಕ್ಕೊಂಡು. ಮಗಳನ್ನ ಅವತ್ತು ಮನೇಲೇ ಬಿಟ್ಟು ಬನ್ನಿ, ಅವಳು ನೋಡ್ತಿದ್ದಾಳೆ ಅಂದ್ರೆ ನೀವು ಬೇಗ ಬೇಗ ಮಾಡೋಕೆ ಹೋಗ್ತೀರಿ. ಊಟ ಮಾಡಿದ ಕೂಡ್ಲೇ ಹೋಗಬೇಡಿ, ಬೆಳಿಗ್ಗೆ ಹೊತ್ತು ಪೂಲ್ ಖಾಲಿ ಇರತ್ತೆ, ಆಗ ಹೋಗಿ. ಸಮುದ್ರ ತೆರೆಯೋಕೆ ಅಕ್ಟೋಬರ್ ಬರಬೇಕು, ಅಲ್ಲೀವರೆಗೆ ಯಾರಿಗೂ ಲೇಟ್ ಆಗಲ್ಲ. ಮತ್ತೆ ಮೊದಲ ಅರ್ಧ ಗಂಟೆ ಫಿನ್ಸ್ ಬಿಚ್ಚಿ ದಡದ ಮೇಲೆ ಇಟ್ಟುಬಿಡಿ, ಕಾಲಿಗೆ ಬಡಿಯೋಕೆ ಏನೂ ಇಲ್ಲದಿದ್ರೆ ಉಸಿರಿನ ಕಡೆ ಗಮನ ತಾನೇ ಬರತ್ತೆ.